ಅವ್ವನೊರಳಿನ ಪೂರ್ವಾಪರ

ಹೊಸೂರಿನ ಪಕ್ಕದ ಜೂಜುವಾಡಿಯಲ್ಲಿ ಲಾರಿ ಟೈರಿನ ಅಂಗಡಿಯೊಂದರ ಮೇಲೆ ಸಿಂಚನಾಳ ಆಫೀಸು. ಆಫೀಸು ಅಂದರೆ ಒಂದು ಕೋಣೆ, ಒಂದು ಮೇಜು, ಮೂರು ಕುರ್ಚಿ, ಒಂದು ಕಂಪ್ಯೂಟರು. ಕೆಳಗೆ ಟೈರಿಗೆ ಗಾಳಿ ತುಂಬುವಾಗಲೆಲ್ಲ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವಳ ಕೆಲಸ. ಅವಳ ತಂದೆ ಮಾಗಡಿಯಿಂದ ಹೊಸೂರಿನ ಕಾರ್ಖಾನೆಗೆ ಬಂದು ಮೂವತ್ತು ವರ್ಷವಾಗಿತ್ತು. ಸಿಂಚನಾ ಹುಟ್ಟಿದ್ದು, ಓದಿದ್ದು ಎಲ್ಲ ಹೊಸೂರಿನಲ್ಲೇ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು ಆಡಿಕೊಂಡು ಬೆಳೆದವಳಿಗೆ ಯಾವ ಗಿರಾಕಿಯನ್ನಾದರೂ ಮಾತಾಡಿಸುವುದು ಸಲೀಸು. ಆದರೆ ಆಫೀಸು ತೆರೆದು ವರ್ಷ ಕಳೆದರೂ ಮಾತಾಡಿಸಲು ಬಂದ ಗಿರಾಕಿಗಳು ಬೆರಳೆಣಿಕೆಯಷ್ಟೇ.

ಒಂದು ಬುಧವಾರ ಬೆಳಿಗ್ಗೆ, ವೆಬ್‌ಸೈಟು ಬೇಕೆಂದು ಹಿಂದಿನ ವಾರ ಕೇಳಿಹೋಗಿದ್ದ ನಂದೀಶ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಬಂದ. ಪಾಳಿ ಮುಗಿಸಿ ನೇರ ಬಂದಿದ್ದರಿಂದ ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಇದ್ದ. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ.

"ಮೇಡಂ, ಹೆಸ್ರು ಸಿಕ್ಬುಡ್ತು! ಅವ್ವನೊರಳು ಡಾಟ್ ಕಾಮ್. ಹೆಂಗೈತೆ?"

"ಚೆನ್ನಾಗೈತೆ. ತಗೊಂಡಾಯ್ತಾ?"

"ಇಲ್ಲ, ತಗೋಬೇಕು. ಅದ್ಕೆ ಮುಂಚೆ ಲೇಬಲ್ ಹೊಡ್ಸಿಬುಟ್ಟೆ." ಪೆಟ್ಟಿಗೆ ತೆರೆದು ತೋರಿಸಿದ. ಹಸಿರು ಅಂಚಿನ ಮೂರು ಸಾವಿರ ಲೇಬಲ್ಲು. ಮೇಲೆ ಒರಳಿನ ಚಿತ್ರ, ನಡುವೆ 'ಹುಚ್ಚೆಳ್ಳು ಚಟ್ನಿಪುಡಿ', ಕೆಳಗೆ ದಪ್ಪಕ್ಷರದಲ್ಲಿ ಅದೇ ಹೆಸರು.

ಪುಡಿ ನಂದೀಶನ ಚಿಕ್ಕವ್ವ ಚಿಕ್ಕತಾಯಮ್ಮ ಮಾಡುತ್ತಿದ್ದದ್ದು. ಗುಮ್ಮಳಾಪುರದಲ್ಲಿ ತನ್ನ ಮನೆಯ ಹಿತ್ತಿಲಲ್ಲಿ, ಅಕ್ಕಪಕ್ಕದ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಒರಳಿನಲ್ಲಿ ಕುಟ್ಟುತ್ತಿದ್ದಳು. ನಂದೀಶ ಒಂದು ಸಲ ಬುತ್ತಿಯ ಜೊತೆ ಕಾರ್ಖಾನೆಗೆ ಒಯ್ದದ್ದೇ ನೆಪ. ಮುದ್ದೆ ತಿನ್ನುವವರಿಗಷ್ಟೇ ಅಲ್ಲ, ಚಪಾತಿ ತಿನ್ನುವ ಬಿಹಾರದ ಹುಡುಗರಿಗೂ ಅದರ ಹುಚ್ಚು ಹಿಡಿಯಿತು. ಈಗ ಬೆಂಗಳೂರಿನಿಂದಲೂ ಕೇಳುತ್ತಿದ್ದರು. ಅದಕ್ಕೇ ವೆಬ್‌ಸೈಟು.

"ಈ ಹೆಸರು ಈಗ ಯಾರ ಹತ್ರ ಐತೆ?" ಸಿಂಚನಾ ಕೇಳಿದಳು.

"ಚೆನ್ನೈ ಕಡೆಯೋನು ಯಾವನೋ ಇಟ್ಕೊಂಡವ್ನೆ. ಮೊದ್ಲು ಯಾರ್ದೋ ಆಗಿತ್ತಂತೆ, ವಾಯಿದೆ ಮುಗ್ದು ಬಿಟ್ಬುಟ್ರಂತೆ. ಹನ್ನೆರಡು ವರ್ಷದ ಹಳೇ ಹೆಸ್ರು, ಗೂಗಲ್ಲಿಗೆ ಗುರ್ತು ಇರೋ ಹೆಸ್ರು, ಹೊಸಾದು ತಗೊಂಡ್ರೆ ಈ ಬೆಲೆ ಬರಲ್ಲ ಅಂತಾನೆ. ನಲವತ್ತು ಸಾವಿರ ಕೇಳ್ತಾವ್ನೆ. ಶನಿವಾರ ಸಂಜೆ ಒಳ್ಗೆ ಕೊಡ್ಬೇಕು, ಇಲ್ಲಾಂದ್ರೆ ಇನ್ನೊಬ್ಬ ರೆಡಿ ಅವ್ನಂತೆ. ನೀವು ಕೊಂಡ್ಕೊಡಿ, ಸೈಟೂ ನೀವೇ ಮಾಡಿ, ವರ್ಷವೆಲ್ಲ ನೀವೇ ನೋಡ್ಕೊಳ್ಳಿ."

ಅಷ್ಟು ದೊಡ್ಡ ಕೆಲಸ ಸಿಂಚನಾಳಿಗೆ ಇದುವರೆಗೂ ಬಂದಿರಲಿಲ್ಲ. ಆದರೂ ಅವಳು, "ಎರಡು ದಿನ ಕೊಡಿ ನಂದೀಶ್. ಮೊದಲು ಈ ಹೆಸರಿನ ಪೂರ್ವಾಪರ ನೋಡ್ತೀನಿ," ಅಂದಳು.

"ಹೆಸ್ರಿಗೆಂಥ ಪೂರ್ವಾಪರ ಮೇಡಂ, ಹೆಣ್ಣು ನೋಡೋಕೆ ಹೋಯ್ತಾ ಇದೀವಾ?" ನಂದೀಶ ನಕ್ಕ.

ಸಿಂಚನಾ ನಗಲಿಲ್ಲ. ಹೋದ ವರ್ಷ ಬಾಗಲೂರಿನ ಕಡೆ ಗುಲಾಬಿ ಬೆಳೆಯುವ ಕುಮಾರೇಶ ಎನ್ನುವವರಿಗೆ ಅವಳು ಹೀಗೇ ಒಂದು ಹಳೆಯ ಹೆಸರನ್ನು ಹಿಂದೆಮುಂದೆ ನೋಡದೆ ಕೊಡಿಸಿದ್ದಳು. ಆ ಹೆಸರಿನಿಂದ ಹಿಂದೆ ಯಾರೋ ಲಕ್ಷಾಂತರ ಮೋಸದ ಮೇಲ್ ಕಳಿಸಿದ್ದರು. ಅದು ಗೊತ್ತಾದದ್ದು ತಡವಾಗಿ. ಕುಮಾರೇಶ ವ್ಯಾಪಾರಿಗಳಿಗೆ ಬರೆದ ಮೇಲ್‌ಗಳೆಲ್ಲ ಕಸದ ಪೆಟ್ಟಿಗೆಗೆ ಬಿದ್ದು, ಸೀಸನ್ನಿನಲ್ಲಿ ಮೂರು ದಿನದ ಹೂವು ಕೊಳ್ಳುವವರಿಲ್ಲದೆ ಬಾಡಿಹೋಯಿತು. ಅವರು ಬೈದಿದ್ದರೆ ಸಿಂಚನಾ ಮರೆಯುತ್ತಿದ್ದಳೇನೋ. "ನೀನೂ ಹೊಸಬಳು, ನಾನೂ ಹೊಸಬ, ಹೋಗ್ಲಿ ಬಿಡಮ್ಮ," ಅಂದುಬಿಟ್ಟಿದ್ದರು. ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ನಂದೀಶ ಹೋದಮೇಲೆ ಅವಳು ಕೂತು ಒಂದೊಂದಾಗಿ ನೋಡತೊಡಗಿದಳು.

ಮೊದಲು ಗೂಗಲ್ಲಿನಲ್ಲಿ ಆ ಹೆಸರಿನ ಸೈಟಿನ ಪುಟಗಳನ್ನು ಹುಡುಕಿದಳು. ಹನ್ನೆರಡು ವರ್ಷದ ಹಳೆಯ ಹೆಸರಿಗೆ ಒಂದಾದರೂ ಪುಟ ಸಿಗಬೇಕಿತ್ತು. ಒಂದೂ ಸಿಗಲಿಲ್ಲ. ಗೂಗಲ್ಲೇ ಬೇಕೆಂದು ಹೊರಗಿಟ್ಟ ಹಾಗಿತ್ತು. ಆಮೇಲೆ ಮೋಸದ ಮೇಲ್ ಕಳಿಸುವವರ ಪಟ್ಟಿಗಳನ್ನು ತೆರೆದಳು. ಎರಡು ಪಟ್ಟಿಯಲ್ಲಿ ಅವ್ವನೊರಳು ಇತ್ತು. ಬೇರೆ ಯಾವ ಯಾವ ಸೈಟುಗಳಿಂದ ಈ ಹೆಸರಿಗೆ ದಾರಿ ತೋರಿಸಿದ್ದಾರೆ ಎಂದು ನೋಡಿದಳು. ಇಸ್ಪೀಟು, ಜೂಜು, ಬಾಜಿ ಕಟ್ಟುವ ಸೈಟುಗಳೇ ಸಾಲುಗಟ್ಟಿ ನಿಂತಿದ್ದವು. ಚಟ್ನಿಪುಡಿಗೂ ಜೂಜಿಗೂ ಎಲ್ಲಿಯ ನಂಟು!

ಕೊನೆಗೆ, ಹಳೆಯ ವೆಬ್‌ಸೈಟುಗಳು ಯಾವ ವರ್ಷ ಹೇಗಿದ್ದವು ಎಂದು ನಕಲು ತೆಗೆದಿಡುವ ಸಂಗ್ರಹವೊಂದು ಇಂಟರ್ನೆಟ್ಟಿನಲ್ಲಿದೆಯಲ್ಲ, ಅದನ್ನು ತೆರೆದು ಅವ್ವನೊರಳು ಎಂದು ಬರೆದಳು. ಹೊಸದರಿಂದ ಹಳೆಯದರ ಕಡೆಗೆ ಹೋದಳು.

ಕಳೆದ ವರ್ಷ ಖಾಲಿ. ಅದರ ಹಿಂದಿನ ಎರಡು ವರ್ಷ ತಮಿಳಿನಲ್ಲಿ ಒಂದು ಜಾಹೀರಾತು: 'ಪಾಟಿಯ, ಅಂದರೆ ಅಜ್ಜಿಯ, ಮೂಲಿಕೆ ಪುಡಿ. ಸಕ್ಕರೆ ಕಾಯಿಲೆ ಇಪ್ಪತ್ತೊಂದು ದಿನದಲ್ಲಿ ಮಾಯ. ಇಂಗ್ಲಿಷ್ ಮಾತ್ರೆ ಇವತ್ತೇ ಬಿಸಾಡಿ.' ಪಕ್ಕದಲ್ಲಿ ಒರಳಿನ ಮುಂದೆ ಕೂತು ನಗುತ್ತಿರುವ ಅಜ್ಜಿಯೊಬ್ಬಳ ಫೋಟೊ. ಅದಕ್ಕೂ ಹಿಂದೆ ಒಂದು ವರ್ಷ ಜೂಜಿನ ಆಟ. ಮತ್ತೂ ಹಿಂದಕ್ಕೆ ಹೋದರೆ, ಎಲ್ಲಕ್ಕಿಂತ ಹಳೆಯ ಪುಟದಲ್ಲಿ ಅದೇ ಅಜ್ಜಿ, ಅದೇ ಒರಳು, ಅದೇ ನಗು. ಕನ್ನಡದಲ್ಲಿ ಬರೆದಿತ್ತು: 'ಡೆಂಕಣಿಕೋಟೆ ಭದ್ರಮ್ಮನವರ ಮನೆಯ ಚಟ್ನಿಪುಡಿ, ಸಾಂಬಾರಪುಡಿ.' ಕೆಳಗೆ ಒಂದು ಫೋನ್ ನಂಬರು.

ಔಷಧಿ ಮಾರಿದವರು ಅಜ್ಜಿಯ ಫೋಟೊ, ನಂಬರು ಎರಡನ್ನೂ ಹಾಗೇ ಇಟ್ಟುಕೊಂಡು, ಪುಡಿಯನ್ನು ಮಾತ್ರ ಬದಲಾಯಿಸಿದ್ದರು. ನೋಡಿದವರು ನಂಬಲಿ ಎಂದು. ದುಡ್ಡನ್ನು ಮಾತ್ರ ಸೈಟಿನಲ್ಲೇ ಕಟ್ಟಿಸಿಕೊಳ್ಳುತ್ತಿದ್ದರು. ಆ ಪುಡಿ ಕೊಂಡು ಮೋಸಹೋದವರು ಬರೆದ ದೂರುಗಳು ಇನ್ನೂ ಅಲ್ಲಲ್ಲಿ ಸಿಗುತ್ತಿದ್ದವು. 'ಅವ್ವನೊರಳು ಎಂದರೆ ಕಳ್ಳರು, ಹತ್ತಿರ ಹೋಗಬೇಡಿ' ಎಂದು ಒಬ್ಬರು ತಮಿಳಿನಲ್ಲಿ ಬರೆದಿದ್ದರು.

ಸಿಂಚನಾ ನಂದೀಶನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ, "ಈ ಹೆಸರು ಬೇಡ ನಂದೀಶ್. ನಾನು ಕೊಡಿಸಲ್ಲ," ಅಂದಳು.

ನಂದೀಶ, "ಮೂರು ಸಾವ್ರ ಲೇಬಲ್ಲು ಮೇಡಂ!" ಅಂದ. "ಅವ್ರು ಮಾಡಿದ್ದು ಅವ್ರಿಗೆ. ನಾವೇನು ಔಷ್ಧಿ ಮಾರ್ತೀವಾ? ನೀವು ಆಗಲ್ಲ ಅಂದ್ರೆ ಹೊಸೂರ್ನಾಗೆ ಇನ್ನೊಬ್ರು ಮಾಡ್ಕೊಡ್ತಾರೆ."

"ಮಾಡಿಕೊಡ್ತಾರೆ. ಆದ್ರೆ ನಿಮ್ಮ ಚಿಕ್ಕವ್ವಂಗೆ ಇದನ್ನ ತೋರಿಸಿ ಆಮೇಲೆ ಹೋಗಿ."

ನಂದೀಶ ಫೋನ್ ಇಟ್ಟುಬಿಟ್ಟ. ವರ್ಷದ ದೊಡ್ಡ ಕೆಲಸ ಕೈಬಿಟ್ಟಿತು ಎಂದುಕೊಂಡಳು ಸಿಂಚನಾ. ಬೇಸರವಾಯಿತು. ಕೆಳಗಿನ ಅಂಗಡಿಯಿಂದ ಒಂದು ಟೀ ತರಿಸಿ ಕುಡಿದಳು. ಬೇಸರ ಅಲ್ಲೇ ಇತ್ತು, ಆದರೆ ಭಯ ಇರಲಿಲ್ಲ.

ಮರುದಿನ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಬಳೆಯ ಸದ್ದು. ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದಳು. ಹಿಂದೆ ಮುಖ ಊದಿಸಿಕೊಂಡ ನಂದೀಶ.

"ನೀನೇ ಏನವ್ವ ಸಿಂಚನಾ ಅನ್ನೋಳು? ನಾನು ಚಿಕ್ಕತಾಯಮ್ಮ. ಎರಡು ಬಸ್ಸು ಹಿಡ್ದು ಬಂದಿವ್ನಿ. ಇವ್ನು ಏನೇನೋ ಹೇಳ್ತಾನೆ, ನಂಗೊಂದೂ ತಿಳೀಲಿಲ್ಲ. ನೀನು ತೋರ್ಸು."

ಸಿಂಚನಾ ಕುರ್ಚಿ ಎಳೆದು ಕೂರಿಸಿ, ನಿಧಾನವಾಗಿ ತಿಳಿಸಿದಳು. ಇಂಟರ್ನೆಟ್ಟಿನಲ್ಲಿ ಹೆಸರನ್ನು ಯಾರೂ ಪೂರ್ತಿಯಾಗಿ ಕೊಳ್ಳುವುದಿಲ್ಲ. ಗುತ್ತಿಗೆ ಹಿಡಿದ ಹಾಗೆ ವರ್ಷ ವರ್ಷ ಕಟ್ಟುತ್ತಿರಬೇಕು. ಕಟ್ಟುವುದು ತಪ್ಪಿದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಂಡವನು ಅದರಲ್ಲಿ ಏನು ಬೇಕಾದರೂ ಮಾಡಬಹುದು. ಹೀಗೆ ಹೇಳಿ ಒಂದೊಂದೇ ಪುಟ ತೋರಿಸಿದಳು. ತಮಿಳಿನ ಜಾಹೀರಾತನ್ನು ಓದಿ ಹೇಳಿದಾಗ ಚಿಕ್ಕತಾಯಮ್ಮನ ಹುಬ್ಬು ಗಂಟಾಯಿತು.

"ಮಾತ್ರೆ ಬಿಸಾಕಿ ಅಂತ ಬರ್ದವ್ರಾ?"

"ಹೂಂ ಅಮ್ಮ."

"ನಮ್ಮ ಅಣ್ಣನ್ಗೂ ಸಕ್ರೆ ಕಾಯ್ಲೆ. ಇಂಥದ್ನ ನಂಬೇ ಕಾಲು ಕಳ್ಕೊಂಡಿದ್ದು." ಚಿಕ್ಕತಾಯಮ್ಮ ನಂದೀಶನ ಕಡೆ ತಿರುಗಿದಳು. "ಲೋ, ನಿಂಗೆ ಗೊತ್ತಿಲ್ವೇನ್ಲಾ? ಆ ಹೆಸ್ರು ನನ್ನ ಪುಡಿ ಮ್ಯಾಲೆ ಇದ್ರೆ ಅವ್ನು ತಿಂದಾನೇನ್ಲಾ?"

ನಂದೀಶ ತಲೆ ತಗ್ಗಿಸಿದ. "ಇಷ್ಟೆಲ್ಲ ಐತೆ ಅಂತ ನಂಗೆ ಗೊತ್ತಿರ್ನಿಲ್ಲ ಚಿಕ್ಕವ್ವ."

"ಹೋಗ್ಲಿ, ಈ ಯಮ್ಮ ಯಾರು?" ಚಿಕ್ಕತಾಯಮ್ಮ ಪರದೆಯ ಮೇಲಿನ ಅಜ್ಜಿಯ ಮುಖವನ್ನು ಬೆರಳಿನಿಂದ ಮುಟ್ಟಿದಳು. "ಕಳ್ಳಿ ಮುಖ ಅಲ್ಲ ಇದು. ಫೋನ್ ಮಾಡು, ಕೇಳಾನ."

ಸಿಂಚನಾ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು. ಹನ್ನೆರಡು ವರ್ಷದ ಹಿಂದಿನ ನಂಬರು, ಹೋಗುತ್ತದೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಎರಡನೆಯ ರಿಂಗಿಗೇ ಎತ್ತಿದರು. ಇವಳು ಹಲೋ ಎನ್ನುವಷ್ಟರಲ್ಲಿ ಆ ಕಡೆಯ ದನಿ ತಮಿಳಿನಲ್ಲಿ ಒಂದೇ ಉಸಿರಿಗೆ ಹೇಳಿತು: ಆ ಪುಡಿ ನನ್ನದಲ್ಲಪ್ಪ, ತಿನ್ನಬೇಡಿ, ಮಾತ್ರೆ ನಿಲ್ಲಿಸಬೇಡಿ, ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಫೋನ್ ಕಟ್ ಆಯಿತು.

ಮೂವರೂ ಮುಖ ಮುಖ ನೋಡಿಕೊಂಡರು. ಸಿಂಚನಾ ಮತ್ತೆ ಮಾಡಿದಳು. ಈ ಸಲ ಅದೇ ಮಾತು ತೆಲುಗಿನಲ್ಲಿ ಬಂತು, ಮತ್ತೆ ಕಟ್.

"ಮೂರ್ನೇ ಸಲ ಕನ್ನಡದಾಗೆ ಹೇಳ್ತಾಳೇನೋ," ಎಂದು ನಂದೀಶ ಅವತ್ತು ಮೊದಲ ಬಾರಿಗೆ ನಕ್ಕ.

ಮೂರನೆಯ ಸಲ ಆ ಕಡೆ ಉಸಿರೆಳೆದ ಸದ್ದು ಕೇಳುತ್ತಲೇ ಸಿಂಚನಾ, "ಅಮ್ಮಾ, ನಾನು ಪುಡಿ ತಿಂದೋಳಲ್ಲ! ಜೂಜುವಾಡಿಯಿಂದ ಮಾತಾಡ್ತಿದೀನಿ!" ಎಂದು ಕೂಗಿದಳು.

"ಅಯ್ಯೋ, ಕನ್ನಡದೋಳಾ ನೀನು? ಮತ್ತೆ ಮೊದ್ಲೇ ಹೇಳ್ಬಾರ್ದಾ," ಎಂದಿತು ಆ ದನಿ. "ಯಾರವ್ವ? ಏನಾಗ್ಬೇಕಿತ್ತು?"

ಚಿಕ್ಕತಾಯಮ್ಮ ಮೇಜಿನ ಮೇಲೆ ಬಗ್ಗಿ ಫೋನಿಗೆ ಬಾಯಿ ಹತ್ತಿರ ತಂದಳು. "ಅಕ್ಕಾ, ನಾನು ಗುಮ್ಮಳಾಪುರದ ಚಿಕ್ಕತಾಯಮ್ಮ. ನಾನೂ ಪುಡಿ ಕುಟ್ಟೋಳೇ. ನಿಮ್ಮನ್ನ ನೋಡ್ಬೇಕು ಕಣಕ್ಕ. ಬರ್ಬೋದಾ?"

"ಬಾ ತಾಯಿ. ಬರೋವಾಗ ನಿನ್ನ ಪುಡಿ ಒಂದು ಹಿಡಿ ತಗೊಂಬಾ."

ಶನಿವಾರ ನಂದೀಶ ಗೆಳೆಯನೊಬ್ಬನ ಗೂಡ್ಸ್ ಆಟೋ ತಂದ. ಅವನ ಪಕ್ಕದ ಒಂದೇ ಸೀಟಿನಲ್ಲಿ ಹೆಂಗಸರಿಬ್ಬರೂ ಒತ್ತಿಕೊಂಡು ಕೂತರು. ಮತ್ತಿಗಿರಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ರಾಗಿ ತೆನೆಯೊಡೆದು ನಿಂತಿತ್ತು. ಚಿಕ್ಕತಾಯಮ್ಮ ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡು, ಯಾರ ಹೊಲ ಚೆನ್ನಾಗಿ ಬಂದಿದೆ, ಯಾರದು ಇಲ್ಲ ಎಂದು ಗುರುತಿಲ್ಲದವರ ಬೆಳೆಗೆಲ್ಲ ತೀರ್ಪು ಕೊಡುತ್ತ ಬಂದಳು. ದಾರಿಯಲ್ಲಿ ಚೆನ್ನೈನ ದಲ್ಲಾಳಿ ಎರಡು ಸಲ ಫೋನ್ ಮಾಡಿದ. ಎರಡನೆಯ ಸಲ ನಂದೀಶ, "ಸಾರ್, ಹುಡ್ಗಿ ಮನೆ ವಿಚಾರ್ಸೋಕೆ ಹೋಯ್ತಾ ಇದೀವಿ, ಆಮೇಲೆ ಹೇಳ್ತೀವಿ," ಎಂದು ಅರ್ಧ ತಮಿಳಿನಲ್ಲಿ ಹೇಳಿ ಇಟ್ಟ. ಅವನಿಗೂ ಈ ವಿಚಾರಣೆ ಹಿಡಿಸತೊಡಗಿತ್ತು.

ಡೆಂಕಣಿಕೋಟೆಯ ಹೊರಗೆ ಬೇಲಿ ಮುರಿದುಬಿದ್ದ ಒಂದು ಹೆಂಚಿನ ಮನೆ. ಜಗಲಿಯ ಮೇಲೆ ಭದ್ರಮ್ಮ ಕೂತಿದ್ದಳು. ಎಪ್ಪತ್ತರ ಮೇಲಾಗಿದ್ದರೂ ಫೋಟೊದ ನಗು ಹಾಗೇ ಇತ್ತು, ಹಲ್ಲು ಮಾತ್ರ ಕಡಿಮೆಯಾಗಿದ್ದವು.

"ಬೇಲಿ ನೋಡ್ಬ್ಯಾಡಿ. ಮೊನ್ನೆ ಆನೆಗೋಳು ಬಂದಿದ್ವು. ಹಲಸಿನ ಹಣ್ಣು ಇಲ್ಲ ಅಂತ ಸಿಟ್ಟು ಮಾಡ್ಕೊಂಡು ಹೋದ್ವು," ಎಂದು ನೀರು, ಬೆಲ್ಲ ತಂದಿಟ್ಟಳು.

ಕೂತಮೇಲೆ ಭದ್ರಮ್ಮ ನಡೆದದ್ದನ್ನು ಹೇಳಿದಳು. ಹನ್ನೆರಡು ವರ್ಷದ ಹಿಂದೆ ಅಳಿಯ ಚಲಪತಿ ಈ ಸೈಟು ಮಾಡಿಕೊಟ್ಟಿದ್ದ. ಪುಡಿ ಸೇಲಂವರೆಗೂ ಹೋಗುತ್ತಿತ್ತು. ಆಮೇಲೆ ಚಲಪತಿಗೆ ಕೊಯಮತ್ತೂರಿನಲ್ಲಿ ಕೆಲಸವಾಯಿತು, ಮೇಲ್ ವಿಳಾಸ ಬದಲಾಯಿತು. ಹೆಸರಿನ ವಾಯಿದೆ ಮುಗಿಯುತ್ತಿದೆ ಎಂಬ ಪತ್ರಗಳು ಯಾರೂ ತೆರೆಯದ ಹಳೆಯ ಪೆಟ್ಟಿಗೆಗೆ ಬಿದ್ದವು. ಹೆಸರು ಹೋದದ್ದು ಆರು ತಿಂಗಳಾದ ಮೇಲೆ ಗೊತ್ತಾಯಿತು. ಹೋದರೆ ಹೋಗಲಿ, ಪುಡಿ ನನ್ನ ಕೈಯಲ್ಲೇ ಇದೆಯಲ್ಲ ಎಂದುಕೊಂಡಳು ಭದ್ರಮ್ಮ. ಒಂದು ದಿನ ಯಾರೋ ಫೋನ್ ಮಾಡಿ, 'ನಿನ್ನ ಪುಡಿ ತಿಂದು ನಮ್ಮಪ್ಪ ಆಸ್ಪತ್ರೆ ಸೇರವ್ನೆ' ಎಂದು ಬಾಯಿಗೆ ಬಂದ ಹಾಗೆ ಬೈದರು.

"ಚಟ್ನಿಪುಡಿ ತಿಂದು ಆಸ್ಪತ್ರೆಗೆ ಹೋಗೋದುಂಟಾ ಅಂತ ನಾನೂ ಜಗ್ಳ ಆಡ್ದೆ. ಆಮೇಲೆ ದಿನಾ ಇಂಥವೇ ಬಂದ್ವು. ಅಳಿಯ ನೋಡಿ ಹೇಳ್ದ, ಅತ್ತೆ, ನಿಮ್ಮ ಫೋಟೊ ಇಟ್ಕೊಂಡು ಯಾರೋ ಔಷ್ಧಿ ಮಾರ್ತಾವ್ರೆ ಅಂತ. ಪೋಲೀಸ್ನೋರ್ಗೂ ಬರ್ಕೊಟ್ವಿ. ಆ ಕಳ್ರು ಯಾವ ದೇಶ್ದಾಗವ್ರೋ, ಸಿಗ್ನಿಲ್ಲ."

"ನಂಬರ್ ಬದಲಾಯಿಸಬಹುದಿತ್ತಲ್ಲ ಅಮ್ಮ?" ಸಿಂಚನಾ ಕೇಳಿದಳು.

"ಅಳಿಯನೂ ಅದೇ ಅಂದ. ಬದಲಾಯ್ಸಿದ್ರೆ ನಂಗೆ ನೆಮ್ದಿ ಕಣವ್ವ. ಆದ್ರೆ ಮಾತ್ರೆ ಬಿಸಾಕಿ ಕೂತಿರ್ತಾರಲ್ಲ, ಅವ್ರಿಗೆ ಬ್ಯಾಡ ಅಂತ ಹೇಳೋರು ಯಾರು? ಬೈಯೋಕೆ ಮಾಡ್ಲಿ, ಕೊಳ್ಳೋಕೆ ಮಾಡ್ಲಿ, ಫೋನ್ ಅಂತೂ ಇಲ್ಲಿಗೇ ಬತ್ತದೆ. ಅದ್ಕೆ ಎತ್ತಿದ ತಕ್ಷಣ ಮೊದ್ಲು ಅಷ್ಟು ಹೇಳ್ಬುಡೋದು. ಬೈಗುಳ ಆಮೇಲೆ." ಅವಳು ನಕ್ಕಳು. "ಈಗ ಕಮ್ಮಿ ಆಗವೆ. ವಾರಕ್ಕೆ ಒಂದೋ ಎರಡೋ."

ನಂದೀಶ ಬೆಲ್ಲದ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

"ಈಗ ಪುಡಿ ಮಾಡ್ತಾ ಇಲ್ವಾ ಅಕ್ಕ?" ಎಂದು ಚಿಕ್ಕತಾಯಮ್ಮ ಮೆಲ್ಲಗೆ ಕೇಳಿದಳು.

"ಅಂಗಡಿಯೋನೊಬ್ಬ, ಬ್ಯಾಡ ಬಿಡಿ ಭದ್ರಮ್ಮ, ಜನ ಏನೇನೋ ಅಂತಾರೆ ಅಂದ. ಆವತ್ತು ಒನಕೆ ಮೂಲೆಗಿಟ್ಟೋಳು, ಮತ್ತೆ ಎತ್ಲಿಲ್ಲ."

ಚಿಕ್ಕತಾಯಮ್ಮ ಸ್ವಲ್ಪ ಯೋಚಿಸಿ, "ಅಕ್ಕಾ, ಒಂದು ಮಾತು. ಆ ಹೆಸ್ರು ನಾವು ಕೊಂಡು ನಿಮ್ಗೇ ವಾಪ್ಸು ಕೊಟ್ರೆ?" ಅಂದಳು.

ನಂದೀಶ ಬೆಚ್ಚಿ ನೋಡಿದ. ಭದ್ರಮ್ಮ ಕೈಯಾಡಿಸಿದಳು.

"ನಾಯಿ ಮೂತಿ ಇಕ್ಕಿದ ಮಡಕೇಲಿ ಯಾರಾದ್ರೂ ಅಡ್ಗೆ ಮಾಡ್ತಾರಾ? ನಂಗೂ ಬ್ಯಾಡ, ನಿಂಗೂ ಬ್ಯಾಡ. ಎಲ್ಲಿ, ಪುಡಿ ತಂದಿದ್ದೀಯಾ?"

ಚಿಕ್ಕತಾಯಮ್ಮ ಡಬ್ಬಿ ತೆರೆದಳು. ಭದ್ರಮ್ಮ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ಮೂಸಿ, ನಾಲಗೆಗಿಟ್ಟು ಕಣ್ಣು ಮುಚ್ಚಿದಳು. ಪರೀಕ್ಷೆ ಬರೆದ ಮಕ್ಕಳ ಹಾಗೆ ಚಿಕ್ಕತಾಯಮ್ಮ ಸೆರಗು ಹಿಡಿದುಕೊಂಡು ಕೂತಳು.

"ಖಾರ ಸರಿಯಾಗೈತೆ. ಉಪ್ಪು ಸರಿಯಾಗೈತೆ. ಹುಚ್ಚೆಳ್ಳು ಒಂದು ಉರಿ ಜಾಸ್ತಿ ಆಗೈತೆ, ಕೊನೇಲಿ ಕಹಿ ಬತ್ತದೆ. ಬೆಳ್ಳುಳ್ಳಿ ಸಿಪ್ಪೆ ತೆಗ್ದು ಹಾಕಿದ್ದೀಯಾ?"

"ತೆಗ್ದೇ ಹಾಕೋದು. ನಮ್ಮೂರ ಕಡೆ ಅಂಗೇ."

"ಅಲ್ಲೇ ತಪ್ಪಿದ್ದು. ಸಿಪ್ಪೆ ಸಮೇತ ಕುಟ್ಬೇಕು."

"ಸಿಪ್ಪೆ ಹಲ್ಲಿಗೆ ಸಿಕ್ಕಲ್ವಾ ಅಕ್ಕ?"

"ಸಿಕ್ಕೋಕೆ ನಂಗೆ ಹಲ್ಲೆಲ್ಲೈತೆ!"

ಜಗಲಿಯ ಮೇಲೆ ನಗು ಎದ್ದಿತು. ಮುಂದಿನ ಒಂದು ಗಂಟೆ ಬೆಳ್ಳುಳ್ಳಿ ಸಿಪ್ಪೆಯ ಮೇಲೆಯೇ ಮಾತು ನಡೆಯಿತು. ಯಾರೂ ಸೋಲಲಿಲ್ಲ. ಹೊರಡುವ ಹೊತ್ತಿಗೆ ಚಿಕ್ಕತಾಯಮ್ಮ, "ವಾರಕ್ಕೊಂದಿನ ನಮ್ಮೂರಿಗೆ ಬನ್ನಿ ಅಕ್ಕ. ಇವ್ನು ಗಾಡಿ ತತ್ತಾನೆ. ಕುಟ್ಬ್ಯಾಡಿ, ಕೂತು ಹೇಳ್ಕೊಡಿ ಸಾಕು. ಬಂದಿದ್ರಾಗೆ ನಿಮ್ಗೂ ಒಂದು ಪಾಲು," ಅಂದಳು. ಭದ್ರಮ್ಮ ಬೇಡವೆನ್ನಲಿಲ್ಲ. ಬಸ್ಸು ಯಾವ ಯಾವ ಹೊತ್ತಿಗಿದೆ ಎಂದು ಕೇಳಿದಳು.

ವಾಪಸು ಬರುವಾಗ ನಂದೀಶ ದಲ್ಲಾಳಿಗೆ ತಾನೇ ಫೋನ್ ಮಾಡಿ ಬೇಡವೆಂದ. ಅವನು ಮೂವತ್ತಕ್ಕೆ ಇಳಿದ, ಇಪ್ಪತ್ತಕ್ಕೆ ಇಳಿದ, ಮತ್ತಿಗಿರಿ ಬರುವಷ್ಟರಲ್ಲಿ ಹತ್ತಕ್ಕೆ ಬಂದಿದ್ದ.

"ಇನ್ನೊಬ್ಬ ರೆಡಿ ಅವ್ನೆ ಅಂದ್ರಲ್ಲ ಸಾರ್, ಅವ್ನಿಗೇ ಕೊಡಿ," ಎಂದು ನಂದೀಶ ಇಟ್ಟುಬಿಟ್ಟ.

ಲೇಬಲ್ಲಿನ ಚಿಂತೆ ಸುಲಭವಾಗಿ ಬಗೆಹರಿಯಿತು. ಹೆಸರು ಕೆಳಗಿನ ಅಂಚಿನಲ್ಲಿದ್ದದ್ದರಿಂದ ಪ್ರೆಸ್ಸಿನವನು ಕಾಗದ ಕತ್ತರಿಸುವ ಮೆಷಿನ್ನಿನಲ್ಲಿ ಮೂರು ಸಾವಿರದ ಅಂಚನ್ನೂ ಅರ್ಧ ಗಂಟೆಯಲ್ಲಿ ಕತ್ತರಿಸಿಕೊಟ್ಟ. ಲೇಬಲ್ಲು ಬೆರಳಷ್ಟು ಗಿಡ್ಡವಾಯಿತು, ಅಷ್ಟೇ. ಹೊಸ ಹೆಸರಿಗೆ ಒಂದು ಸಣ್ಣ ಪಟ್ಟಿ ಅಂಟಿಸಿದರಾಯಿತು.

ಹೊಸ ಹೆಸರು ಯಾವುದು ಎಂಬುದಕ್ಕೆ ಮಾತ್ರ ನಾಲ್ಕು ದಿನ ಹಿಡಿಯಿತು. ನಂದೀಶ ಇಂಗ್ಲಿಷಿನಲ್ಲಿ ಹತ್ತಾರು ಹೆಸರು ತಂದ. ಚಿಕ್ಕತಾಯಮ್ಮ ಒಂದನ್ನೂ ಒಪ್ಪಲಿಲ್ಲ. "ನಮ್ಮೂರ ಹೆಸ್ರು ಇಡ್ಲಾ. ಕೇಳಿದೋರು ಬಂದು ನೋಡ್ಬೋದು, ಬೈಯೋದಿದ್ರೂ ಬಾಗ್ಲಿಗೆ ಬಂದು ಬೈಲಿ," ಅಂದಳು.

ಸಿಂಚನಾ ಗುಮ್ಮಳಾಪುರಪುಡಿ ಎಂದು ಬರೆದು ನೋಡಿದಳು. ಅದನ್ನು ಇದುವರೆಗೆ ಯಾರೂ ತೆಗೆದುಕೊಂಡಿರಲಿಲ್ಲ. ಆದರೂ ಬಿಡದೆ ಸಂಗ್ರಹದಲ್ಲಿ ನೋಡಿದಳು, ಪಟ್ಟಿಗಳಲ್ಲಿ ನೋಡಿದಳು, ಇದೇ ಅಕ್ಷರಗಳನ್ನು ಬೇರೆ ರೀತಿ ಬರೆದರೆ ಏನು ಬರುತ್ತದೆ ಎಂದೂ ನೋಡಿದಳು. ಎಲ್ಲಿಯೂ ಏನೂ ಇರಲಿಲ್ಲ. ಹೊಸದಾಗಿ ಸಾರಿಸಿದ ಅಂಗಳದ ಹಾಗಿತ್ತು.

"ಇಂಗ್ಲಿಷ್ನಾಗೆ ಬರ್ಯೋಷ್ಟ್ರಲ್ಲಿ ಊಟದ ಹೊತ್ತು ಮೀರ್ತದೆ," ಎಂದು ನಂದೀಶ ಗೊಣಗಿದ. ಆದರೂ ಮೊದಲು ಒಪ್ಪಿದವನು ಅವನೇ. ವಾಯಿದೆ ಮುಗಿಯುವ ದಿನವನ್ನು ಸಿಂಚನಾ ಮೂರು ಫೋನುಗಳಲ್ಲಿ ಗುರುತು ಹಾಕಿಸಿದಳು. ಒಬ್ಬರ ಮೇಲ್ ಬದಲಾದರೆ ಇನ್ನಿಬ್ಬರಿಗಾದರೂ ಗೊತ್ತಾಗಬೇಕಲ್ಲ.

ಸೈಟಿನ ಕೆಲಸ ನಡೆಯುತ್ತಿರುವಾಗ ಅವಳಿಗೆ ಇನ್ನೊಂದು ಯೋಚನೆ ಬಂತು. ಅವ್ವನೊರಳು ಎಂದು ಹುಡುಕಿದವರಿಗೆ ಈಗ ಸಿಗುವುದು ಬರೀ ದೂರುಗಳು. ಅಲ್ಲಿ ಭದ್ರಮ್ಮನ ಮಾತು ಎಲ್ಲೂ ಇಲ್ಲ. ಗುಮ್ಮಳಾಪುರದ ಸೈಟಿನಲ್ಲಿ ಒಂದು ಪುಟ ಅವಳಿಗಾಗಿಯೇ ಯಾಕಿರಬಾರದು? ಕೇಳಿದ್ದಕ್ಕೆ ಚಿಕ್ಕತಾಯಮ್ಮ, "ಒಂದ್ಯಾಕೆ, ಎರಡು ಹಾಕು," ಅಂದಳು.

ಭದ್ರಮ್ಮ ವಿಡಿಯೋ ಎಂದ ಕೂಡಲೇ ಬೇಡವೇ ಬೇಡ ಎಂದಳು. ಆಮೇಲೆ ಒಳಗೆ ಹೋಗಿ ತಲೆ ಬಾಚಿಕೊಂಡು, ಮಗಳು ಹಬ್ಬಕ್ಕೆ ತಂದ ನೀಲಿ ಸೀರೆ ಉಟ್ಟು ಬಂದಳು. ನಂದೀಶನ ಫೋನಿನ ಮುಂದೆ ಕೂತು, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳಿದಳು: ನಾನು ಭದ್ರಮ್ಮ. ನಾನು ಮಾಡಿದ್ದು ಚಟ್ನಿಪುಡಿ, ಔಷಧಿಯಲ್ಲ. ನನ್ನ ಮುಖ ತೋರಿಸಿ ಯಾರೋ ನಿಮಗೆ ಮೋಸ ಮಾಡಿದರು. ಅದಕ್ಕೆ ನನಗೆ ನಿಮ್ಮಷ್ಟೇ ನೋವು. ಮಾತ್ರೆ ಬಿಡಬೇಡಿ. ಎರಡು ನಿಮಿಷವೂ ಇಲ್ಲದ ಆ ಮಾತನ್ನು ಸಿಂಚನಾ ಪುಟದಲ್ಲಿ ಹಾಕಿ, ಕೆಳಗೆ ನಡೆದದ್ದನ್ನೆಲ್ಲ ಮೂರು ಭಾಷೆಯಲ್ಲಿ ಬರೆದಳು. ದೂರು ಬರೆದಿದ್ದವರಲ್ಲಿ ವಿಳಾಸ ಸಿಕ್ಕ ಏಳು ಜನಕ್ಕೆ ತಾನೇ ಪತ್ರ ಬರೆದಳು. ಇಬ್ಬರು ತಮ್ಮ ದೂರಿನ ಕೆಳಗೆ ಆ ಪುಟದ ಕೊಂಡಿ ಸೇರಿಸಿದರು. ಮಿಕ್ಕವರಿಂದ ಉತ್ತರವಿಲ್ಲ. ಆದರೆ ವಿಡಿಯೋ ಕಾರ್ಖಾನೆಯ ವಾಟ್ಸಾಪ್ ಗುಂಪುಗಳಿಂದ ಹೊರಟು ಎಲ್ಲೆಲ್ಲಿಗೋ ಹೋಯಿತು. ಡೆಂಕಣಿಕೋಟೆಯ ಆ ಅಂಗಡಿಯವನು ಒಂದು ದಿನ ತಾನೇ ಮನೆಗೆ ಬಂದು, ಪುಡಿ ಇದ್ದರೆ ಕೊಡಿ ಭದ್ರಮ್ಮ ಎಂದು ಕೇಳಿದನಂತೆ. ಭದ್ರಮ್ಮ ಅವನನ್ನು ಅರ್ಧ ಗಂಟೆ ಜಗಲಿಯ ಮೇಲೆ ಕಾಯಿಸಿ, ಆಮೇಲೆ ಕಾಫಿ ಕೊಟ್ಟಳಂತೆ.

ಸೈಟು ಶುರುವಾದ ಮೂರನೆಯ ವಾರ, ಒಂದು ಗುರುವಾರ, ಸಿಂಚನಾ ಪುಡಿ ಮಾಡುವುದರ ಫೋಟೊ ತೆಗೆಯಲು ಗುಮ್ಮಳಾಪುರಕ್ಕೆ ಹೋದಳು. ಹಿತ್ತಿಲ ತುಂಬ ಹುಚ್ಚೆಳ್ಳು ಹುರಿದ ಘಮ. ಭದ್ರಮ್ಮ ಮಣೆಯ ಮೇಲೆ ಕೂತು, "ಉರಿ ತೆಗಿ, ಉರಿ ತೆಗಿ," ಎನ್ನುತ್ತಿದ್ದಳು. ಚಿಕ್ಕತಾಯಮ್ಮ, "ನಂಗೊತ್ತು ಬಿಡಕ್ಕ," ಎನ್ನುತ್ತಲೇ ಉರಿ ತೆಗೆಯುತ್ತಿದ್ದಳು. ಬೆಳ್ಳುಳ್ಳಿಯನ್ನು ಎರಡು ರಾಶಿ ಮಾಡಿದ್ದರು, ಒಂದು ಸಿಪ್ಪೆಯಿದ್ದದ್ದು, ಒಂದು ಇಲ್ಲದ್ದು.

ಆಗ ಭದ್ರಮ್ಮನ ಫೋನ್ ಬಡಿದುಕೊಂಡಿತು. ಗುರುತಿಲ್ಲದ ನಂಬರು. ಹುರಿಯುವ ಹುಟ್ಟು ಹಿಡಿದಿದ್ದ ಹೆಂಗಸರು ಕೈ ನಿಲ್ಲಿಸಿದರು. ಭದ್ರಮ್ಮ ಕಿವಿಗಿಟ್ಟು, ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆದವಳು, ಹಾಗೇ ಸುಮ್ಮನಾದಳು. ಆ ಕಡೆಯವರೇ ಮಾತಾಡುತ್ತಿದ್ದರು. ಬಹಳ ಹೊತ್ತು ಕೇಳಿದಳು. ಕಣ್ಣು ಒದ್ದೆಯಾಯಿತು, ಬಾಯಿ ನಗುತ್ತಿತ್ತು.

"ಯಾರಕ್ಕ?" ಚಿಕ್ಕತಾಯಮ್ಮ ಸನ್ನೆಯಲ್ಲಿ ಕೇಳಿದಳು.

ಭದ್ರಮ್ಮ ಫೋನಿಗೆ ಕೈ ಅಡ್ಡ ಹಿಡಿದಳು. "ಕೃಷ್ಣಗಿರಿಯೋನು. ಎರಡು ವರ್ಸದ ಹಿಂದೆ ನಂಗೆ ಬಾಯ್ತುಂಬ ಬೈದಿದ್ನಂತೆ. ಬೈದು ಇಟ್ಟೋನು, ಯಾವ್ದಕ್ಕೂ ಇರ್ಲಿ ಅಂತ ಮಾರ್ನೇ ದಿನ ಅವ್ರವ್ವನ್ನ ಆಸ್ಪತ್ರೆಗೆ ಕರ್ಕೊಂಡೋದ್ನಂತೆ. ಈಗ ಆವಮ್ಮ ಚೆನ್ನಾಗವ್ಳಂತೆ. ವಿಡಿಯೋ ನೋಡಿ ಮಾಡವ್ನೆ. ಆವಮ್ಮನೇ ಪುಡಿ ತರ್ಸು ಅಂದ್ಳಂತೆ."

"ಎಷ್ಟು ಬೇಕಂತೆ?"

"ತಡಿ, ಮೊದ್ಲು ಕೇಳ್ಬೇಕಾದ್ದು ಕೇಳ್ತೀನಿ." ಭದ್ರಮ್ಮ ಫೋನನ್ನು ಮತ್ತೆ ಕಿವಿಗಿಟ್ಟು, ನಿಮ್ಮಮ್ಮ ಖಾರ, ಉಪ್ಪು ಎಷ್ಟು ತಿನ್ನಬಹುದು ಅಂತ ಡಾಕ್ಟರು ಹೇಳಿದ್ದಾರಾ ಎಂದು ತಮಿಳಿನಲ್ಲಿ ಕೇಳಿದಳು. ಉತ್ತರ ಕೇಳಿಸಿಕೊಂಡು ತಲೆಯಾಡಿಸಿ, ಒಲೆಯ ಕಡೆ ತಿರುಗಿದಳು.

"ತಾಯಮ್ಮ, ಆ ಬಾಣ್ಲಿ ಇಳಿಸ್ಬ್ಯಾಡ. ಇನ್ನೊಂದು ಸೇರು ಹುಚ್ಚೆಳ್ಳು ಹಾಕು. ಉಪ್ಪು ಅರ್ಧಕ್ಕರ್ಧ ಕಮ್ಮಿ ಮಾಡಿ ಬ್ಯಾರೆ ಕುಟ್ಟಾನ."

"ಬೆಳ್ಳುಳ್ಳಿ?" ಚಿಕ್ಕತಾಯಮ್ಮ ಕೇಳಿದಳು.

"ಸಿಪ್ಪೆ ಸಮೇತ," ಅಂದಳು ಭದ್ರಮ್ಮ. ಚಿಕ್ಕತಾಯಮ್ಮ ಈ ಸಲ ಎದುರು ಮಾತಾಡದೆ ಸಿಪ್ಪೆಯಿದ್ದ ರಾಶಿಗೆ ಕೈಹಾಕಿದಳು.